ನೂರಾ ಹತ್ತೊಂಬತ್ತು ಕಿಲೋ

ಗುರುವಾರ ಸಂಜೆ, ಸಿತ್ರಾದ ಶೋರೂಮಿನಲ್ಲಿ
ಐವನ್ ಕ್ಯಾಸ್ತೆಲಿನೊ ಎರಡು ಕರಪತ್ರಗಳನ್ನು
ನನ್ನ ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿದರು.
ಒಂದು ನಮ್ಮದು, ಇನ್ನೊಂದು ರಸ್ತೆಯಾಚೆಯವರದು.
ಎರಡೂ ಏಳು ಸೀಟಿನ ಸಂಸಾರದ ಗಾಡಿ,
ಉದ್ದ ಅಗಲ ಒಂದೇ, ಇಂಜಿನ್ನೂ ಹೆಚ್ಚುಕಮ್ಮಿ ಒಂದೇ,
ಬಿಳಿ ಬಳಿದು ನಿಲ್ಲಿಸಿದರೆ
ಹೆತ್ತ ಕಂಪನಿಗೂ ಗುರುತು ಹತ್ತದು.

ಅದು ಸಾವಿರದ ನಾನೂರ ಹದಿನೆಂಟು ಕಿಲೋ,
ನಮ್ಮದು ಸಾವಿರದ ಐನೂರ ಮೂವತ್ತೇಳು.
"ನಡುವಿನ ನೂರಾ ಹತ್ತೊಂಬತ್ತು ಎಲ್ಲಿಂದ ಬಂತು?"

ಅವರು ಆಡಿಟರ್. ಹನ್ನೆರಡು ವರ್ಷದಿಂದ
ಮನಾಮಾದಲ್ಲಿ ಬೇರೆಯವರ ಫಿಲ್ಸ್ ಎಣಿಸುವವರು.
ನಾನು ಬಣ್ಣ ಮಾರುವವ, ಕಂತು ಮಾರುವವ.
ತೂಕವನ್ನು ಈವರೆಗೆ
ಯಾರೂ ಕೇಳಿರಲಿಲ್ಲ.

ಅಣ್ಣಾ, ಇದು ಕಪ್ಪೆಗಳ ತಕ್ಕಡಿ, ಅಂದೆ.
ಕರ್ಬ್ ವೇಟ್ ಅಂದರೆ ಖಾಲಿ ಗಾಡಿಯ ತೂಕ.
ಆದರೆ ಯಾವುದು ಖಾಲಿ?
ಇವರು ಸ್ಟೇರಿಂಗಿನ ಹಿಂದೆ ಒಬ್ಬನನ್ನು ಕೂರಿಸುತ್ತಾರೆ:
ಮೈ ಅರವತ್ತೆಂಟು, ಕೈಚೀಲ ಏಳು,
ಒಟ್ಟು ಎಪ್ಪತ್ತೈದು. ಹೆಸರಿಲ್ಲ, ಮುಖವಿಲ್ಲ.
ಅವರು ಅವನನ್ನು ಇಳಿಸಿ ತೂಗುತ್ತಾರೆ.

ಐವನ್ ಪೆನ್ನು ತೆಗೆದು ಅಂಚಿನಲ್ಲಿ ಬರೆದುಕೊಂಡರು: 75.

ಅವರು ಅಗ್ಗದ ಮಾದರಿಯನ್ನು ತೂಗಿದ್ದಾರೆ,
ನಾವು ಗಾಜಿನ ಮಾಡು ಇದ್ದದ್ದನ್ನು. ಇಪ್ಪತ್ತೆರಡು.
(ಆಗಸ್ಟಿನ ಬಹ್ರೇನಿನಲ್ಲಿ ಆ ಗಾಜನ್ನು ತೆರೆಯುವ ಧೈರ್ಯಸ್ಥ
ನನಗಿನ್ನೂ ಸಿಕ್ಕಿಲ್ಲ.)
ನಮ್ಮದರಲ್ಲಿ ಸ್ಟೆಪ್ನಿ ಇದೆ,
ಅವರದರಲ್ಲಿ ಒಂದು ಬಾಟಲಿ ಅಂಟು. ಹದಿಮೂರು.

"ನೂರಾ ಹತ್ತಾಯಿತು. ಇನ್ನು ಒಂಬತ್ತು?"

ಗಲ್ಫಿನ ದೊಡ್ಡ ರೇಡಿಯೇಟರ್ ಇರಬಹುದು, ಅಂದೆ.
"ಅದು ಎರಡರಲ್ಲೂ ಇದೆ, ಪುಟ ನಾಲ್ಕು."
ಕಾರ್ಪೆಟ್ಟು?
"ಒಂಬತ್ತು ಕಿಲೋ ಕಾರ್ಪೆಟ್ಟೇ?"
ಪ್ರೆಸಿಲ್ಲಾ ಗಡಿಯಾರ ನೋಡಿದರು.
ದೊಡ್ಡ ಹುಡುಗರಿಬ್ಬರು
ನಮ್ಮ ನೀರಿನ ಮೆಷೀನಿನ ಕಪ್ಪುಗಳಲ್ಲಿ ಗೋಪುರ ಕಟ್ಟಿದ್ದರು.

ಹಾಗಾಗಿ ಹೊರಟೆವು. ಟ್ಯಾಂಕು ತುಂಬಿಸಿಕೊಂಡು
ಗುಜರಿ ಯಾರ್ಡಿನ ವೇಬ್ರಿಜ್ಜಿಗೆ,
ಒಡೆದ ಫ್ರಿಜ್ಜುಗಳ, ಸುರುಳಿ ತಂತಿಗಳ ನಡುವೆ.
ಶಫೀಕುಲ್ ಕಿಟಕಿಯಿಂದ ಕೈ ಚಾಚಿ
ಅರ್ಧ ದಿನಾರ್ ತೆಗೆದುಕೊಂಡ.
ಸ್ಟೇರಿಂಗಿನ ಹಿಂದೆ, ಈಗ, ನಾನು.
ಕೆಂಪು ಅಂಕಿ ನಡುಗಿ ನಿಂತಿತು: 1540.

ಅಷ್ಟರಲ್ಲಿ ಪ್ರೆಸಿಲ್ಲಾ ಕೇಳಿದರು: ರಿಯೋನಾ ಎಲ್ಲಿ?

ಹಿಂದಿನ ಸೀಟಿನಲ್ಲಿದ್ದಳು. ಎರಡೂವರೆ ವರ್ಷ.
ಬಾಯಿ ತೆರೆದು, ಒಂದು ಚಪ್ಪಲಿ ಕಳಚಿ,
ಗಾಡಿಯ ಜೊತೆಗೇ ತೂಗಿಸಿಕೊಂಡು ನಿದ್ದೆ.
"ಲೆಕ್ಕ ಕೆಟ್ಟಿತು," ಅಂದರು ಐವನ್,
"ಇಳಿಸಿ ಮತ್ತೆ ತೂಗಿ."
ಇನ್ನೊಂದು ಅರ್ಧ ದಿನಾರ್.
ತಾಯಿ ಅವಳನ್ನು ಹೆಗಲಿಗೆ ಹಾಕಿಕೊಂಡು ಬದಿಗೆ ನಿಂತರು.
ಅಂಕಿ ನಡುಗಿ ನಿಂತಿತು: 1540.

ಐವನ್ ಬಗ್ಗಿ ನೋಡಿದರು, ಕನ್ನಡಕ ಒರೆಸಿ ನೋಡಿದರು.
ಶಫೀಕುಲ್ ಚಹಾ ಊದುತ್ತ ಹೇಳಿದ,
ಇದು ಲಾರಿಗಳ ತಕ್ಕಡಿ ಸಾಬ್,
ಇಪ್ಪತ್ತಿಪ್ಪತ್ತರಲ್ಲಿ ಎಣಿಸುತ್ತದೆ,
ಅದಕ್ಕಿಂತ ಚಿಕ್ಕದು ಇದಕ್ಕೆ ಕಾಣುವುದಿಲ್ಲ.

ನಾನೂ ಇಳಿದೆ. 1460.
ಅಂದರೆ ನಾನು ಎಂಬತ್ತು.
ಊರಿಗೆ ಹೊರಟವರ ರಟ್ಟಿನ ಪೆಟ್ಟಿಗೆ ತೂಗಿ ತೂಗಿ
ಮುಳ್ಳು ಸಡಿಲಾದ ನಮ್ಮ ರೂಮಿನ ತಕ್ಕಡಿ
ನನ್ನನ್ನು ಎಪ್ಪತ್ತೊಂದು ಅನ್ನುತ್ತದೆ.
ಇಲ್ಲೂ ಒಂಬತ್ತು ಕಿಲೋ! ಹೇಳೋಣವೆಂದುಕೊಂಡೆ,
ಹೇಳಲಿಲ್ಲ. ಅವರಾಗಲೇ ಚೀಟಿ ಮಡಚಿ
ಅಂಗಿಯ ಜೇಬಿಗಿಟ್ಟಿದ್ದರು.

ರಸ್ತೆ ದೀಪಗಳು ಹೊತ್ತಿಕೊಂಡವು. ಸೆಕೆ ಇಳಿದಿರಲಿಲ್ಲ.
ತಾಯಿ ಮಗುವನ್ನು ಎಡ ಹೆಗಲಿಂದ ಬಲಕ್ಕೆ ಬದಲಿಸಿದರು,
ಸ್ವಲ್ಪ ಹೊತ್ತಿಗೆ ಮತ್ತೆ ಎಡಕ್ಕೆ.
"ಕೊಡು ಇಲ್ಲಿ," ಅಂದರು ಐವನ್. ಎತ್ತಿಕೊಂಡು,
"ಅಬ್ಬಾ," ಅಂದರು.

ಮುಂದಿನ ಶನಿವಾರ ರಸ್ತೆಯಾಚೆಯ ಗಾಡಿ ಕೊಂಡರಂತೆ.
ಅದರ ಹಿಂದಿನ ಸಾಲಿಗೂ ಏಸಿ ಗಾಳಿ ಬರುತ್ತದಂತೆ.
ಆ ಕಳಚಿದ ಚಪ್ಪಲಿ ನಮ್ಮ ಡೆಮೊ ಕಾರಿನ ಸೀಟಿನಡಿ ಸಿಕ್ಕಿತು.
ಮೇಜಿನ ಖಾನೆಯಲ್ಲಿದೆ.
ಫೋನ್ ಮಾಡಬೇಕು.